ಮಹಿ-ಮಹಿಯೋ ಅಂಜಲೋ? ಗಾಳ ಹಾಕಲು ಘಟ್ಟ ಇಳಿಯುವವರಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾಟಿ ಮಲ್ಪೆಗೆ ಹೋಗಿ ಸಮುದ್ರದಲ್ಲಿ ಗಾಳ ಹಾಕಬೇಕು ಅನ್ನುವವರು ಮೊದಲು ಯಾವ ಮೀನು ಬೇಕು ಅಂತ ತೀರ್ಮಾನಿಸಿ. ತುಂಗೆಯ ದಡದಲ್ಲಿ ಕಲಿತದ್ದು ಇಲ್ಲಿ ಸ್ವಲ್ಪವೇ ಉಪಯೋಗಕ್ಕೆ ಬರುತ್ತದೆ.

ಅಂಜಲ್ ನಮ್ಮ ಬಾಯಿಗೆ ಪರಿಚಿತ, ಅಲ್ವಾ? ಕಲ್ಲುಬಂಡೆಗಳ ಸುತ್ತ, ದಡಕ್ಕೆ ಹತ್ತಿರವೂ ಸಿಗುತ್ತದೆ. ಹಲ್ಲು ಮಾತ್ರ ಬಲು ಹರಿತ. ಗಾಳದ ಮೇಲೆ ಉಕ್ಕಿನ ತಂತಿ ಬೇಕೇ ಬೇಕು.

ಮಹಿ-ಮಹಿ ಬೇರೆಯೇ ಕಥೆ. ಅದು ನೀಲಿ ನೀರಿನ, ಅಂದರೆ ದಡದಿಂದ ದೂರದ ಆಳ ಸಮುದ್ರದ ಮೀನು, ತೇಲುವ ಮರದ ದಿಮ್ಮಿಯೋ ಹಗ್ಗದ ರಾಶಿಯೋ ಇದ್ದರೆ ಅದರ ಕೆಳಗೆ ಹಿಂಡಾಗಿ ಸೇರುತ್ತದೆ, ಹಾಗಾಗಿ ದೋಣಿ ದೂರ ಹೋಗಬೇಕು, ಡೀಸೆಲ್ ಖರ್ಚೂ ಜಾಸ್ತಿ, ಹೊಟ್ಟೆ ತೊಳೆಸುವವರಿಗೆ ಕಷ್ಟ. ಆದರೆ ಕಚ್ಚಿದ ಮೇಲೆ ನೀರಿನಿಂದ ಹಾರಿ ಹಾರಿ ಎಳೆಯುತ್ತದೆ! ಮೈಯೆಲ್ಲ ಬಂಗಾರ, ಹಸಿರು, ನೀಲಿ. ಗಂಡಿನ ಹಣೆ ಗೋಡೆಯಂತೆ ನೇರ. ಸತ್ತ ಸ್ವಲ್ಪ ಹೊತ್ತಿಗೇ ಬಣ್ಣ ಮಾಸುತ್ತದೆ, ನೋಡಲು ಬೇಜಾರಾಗುತ್ತದೆ. ಕಚ್ಚಿದ ಮೊದಲ ಮೀನನ್ನು ಗಾಳದಲ್ಲೇ ಸ್ವಲ್ಪ ಹೊತ್ತು ನೀರಲ್ಲಿ ಬಿಟ್ಟರೆ ಹಿಂಡು ದೋಣಿಯ ಹತ್ತಿರವೇ ಸುಳಿಯುತ್ತದೆ, ಇನ್ನೊಬ್ಬರು ಗಾಳ ಎಸೆಯಬಹುದು.

ರುಚಿಗೆ ಅಂಜಲ್ ಎಣ್ಣೆ ಮೀನು, ತವಾ ಫ್ರೈಗೆ ಸರಿ. ಮಹಿ-ಮಹಿಯ ಮಾಂಸ ಗಟ್ಟಿ, ಸಿಹಿ, ಕೆಂಡದ ಮೇಲೆ ಸುಟ್ಟರೆ ಚೆನ್ನ. ಎರಡನ್ನೂ ಹಿಡಿದ ಕೂಡಲೇ ಐಸಿಗೆ ಹಾಕಿ, ಬಿಸಿಲಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ತುರಿಕೆ ತರುವ ರಾಸಾಯನಿಕ ಸೇರಿ ತಿಂದವರಿಗೆ ಮೈ ಕೆಂಪಾಗಿ ತುರಿಸುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ.

ಮೊದಲ ಸಲವಾದರೆ ಅಂಜಲ್ ಸಾಕು. ಎರಡು ದಿನ ರಜೆ, ಗಟ್ಟಿ ಹೊಟ್ಟೆ ಇದ್ದರೆ ನಾನು ಮಹಿ-ಮಹಿ ಅಂತಲೇ ಹೇಳುತ್ತೇನೆ. ಮಳೆಗಾಲದಲ್ಲಿ ಮಾತ್ರ ಯಾವುದಕ್ಕೂ ಹೋಗಬೇಡಿ.