ಪೆರುಂಬಾಡಿ ದಾರಿಯ ಪುಟ್ಟು ಹೋಟೆಲ್: ಊಟಕ್ಕೆ ನಾಲ್ಕು ಸ್ಟಾರ್, ಲಾಕ್‌ಡೌನ್‌ಗೆ ಎರಡೂವರೆ

ಕೊಡಗಿನ ವಿರಾಜಪೇಟೆಯಿಂದ ಕೇರಳ ಗಡಿಯ ಮಾಕುಟ್ಟದ ಕಡೆ ಹೋಗುವಾಗ, ಪೆರುಂಬಾಡಿ ಹತ್ತಿರ ಹಂಚಿನ ಮಾಡಿನ ಒಂದು ಸಣ್ಣ ಹೋಟೆಲ್ ಇದೆ. ಬೋರ್ಡ್ ಇಲ್ಲ. ಇದ್ದದ್ದು ಒಂದು ಮಳೆಗಾಲದಲ್ಲಿ ಬಿದ್ದುಹೋಯಿತು, ಮತ್ತೆ ಹಾಕಿಲ್ಲ. ಗುರುತು ಬೇಕಾದರೆ ಹೊರಗಿನ ಕೈ ತೊಳೆಯುವ ನಲ್ಲಿ ನೋಡಿ. ಕಾಲಲ್ಲಿ ಒತ್ತಿದರೆ ನೀರು ಬರುತ್ತದೆ.

ನಾನು ಪಿಕಪ್ ಓಡಿಸುವವನು. ಹೋಗುವಾಗ ಶುಂಠಿ, ಬಾಳೆಗೊನೆ. ಬರುವಾಗ ಕಣ್ಣೂರಿನ ಮೀನು. ಹಾಗಾಗಿ ವಾರಕ್ಕೆ ನಾಲ್ಕು ದಿನ ಇಲ್ಲೇ ತಿಂಡಿ. ಈ ಹೋಟೆಲನ್ನು ಹೊಗಳಲು ನನಗೆ ಕಾರಣ ಇದೆ, ನಾನು ತಂದ ಮೀನನ್ನೇ ಇವರು ನನಗೆ ಬಡಿಸುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಪುಟ್ಟು ಮತ್ತು ಕಡಲೆ ಕರಿ, 50 ರೂಪಾಯಿ. ಪುಟ್ಟು ಉದುರಾಗಿರುತ್ತದೆ, ತೆಂಗಿನತುರಿಯಲ್ಲಿ ಜಿಪುಣತನ ಇಲ್ಲ. ಮಧ್ಯಾಹ್ನ ಮೀನೂಟ 110. ಮತ್ತಿ ಮೀನಿನ ಸಾರಿಗೆ ಇತ್ತಾ (ಹೋಟೆಲ್ ನಡೆಸುವ ಕಾಕಾನ ಹೆಂಡತಿ) ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಹಾಕುತ್ತಾರೆ. ಘಾಟಿ ಕೆಳಗೆ ಇಳಿದರೆ ಇದೇ ಸಾರು ಕೊಡಂಪುಳಿಯಲ್ಲಿ ಸಿಗುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಕಡಲಿನ ಮೀನು, ಕೊಡಗಿನ ಹುಳಿ, ಈ ಜೋಡಿ ನನ್ನ ನಾಲಿಗೆಗೆ ಹತ್ತಿಬಿಟ್ಟಿದೆ. ಬೆಲ್ಲದ ಕಾಪಿ 15. ಪೊರೋಟ ಮಾತ್ರ ಬೇಡ. ಬೆಳಿಗ್ಗೆ ಬೇಯಿಸಿಟ್ಟದ್ದನ್ನೇ ಬಿಸಿ ಮಾಡಿ ಕೊಡುತ್ತಾರೆ, ಚಪ್ಪಲಿ ಅಗಿದ ಹಾಗೆ ಆಗುತ್ತದೆ. ಎಷ್ಟು ಸಲ ಹೇಳಿದರೂ ಕಾಕಾ ನಗುತ್ತಾರೆ ಅಷ್ಟೇ.

ಒಳಗೆ ಮೂರೇ ಬೆಂಚು. ಮೊದಲು ಆರು ಇದ್ದವು. ಕೊರೊನಾ ಬಂತು, ಅಂತರ ಕಾಪಾಡಿ ಅಂತ 2020ರಲ್ಲಿ ಮೂರನ್ನು ಹಿತ್ತಲಿಗೆ ಎಸೆದರು, ಗೆದ್ದಲು ತಿಂದಿತು. ಈಗ ಯಾರ ಮೊಣಕೈಯೂ ಯಾರ ಸಾರಿಗೂ ಬೀಳುವುದಿಲ್ಲ. ಆರು ಬೆಂಚಿನ ಕಾಲದಲ್ಲಿ ನಾವು ಹೇಗೆ ಕೂರುತ್ತಿದ್ದೆವು ಅಂತ ಈಗ ಆಶ್ಚರ್ಯ. ನಲ್ಲಿಯೂ ಆ ಕಾಲದ್ದೇ. ಮೊದಲು ಒಂದು ಬಕೆಟ್, ಅದರಲ್ಲಿ ಒಂದು ಚೊಂಬು, ಎಲ್ಲರ ಕೈಯೂ ಅದಕ್ಕೇ. ಹೊರಗಿನ ಎರಡು ಕಿಟಕಿಯನ್ನೂ ಆಗಲೇ ಒಡೆದು ದೊಡ್ಡದು ಮಾಡಿಸಿದರು. ಸೌದೆ ಹೊಗೆ ಈಗ ಕಣ್ಣಿಗೆ ಬರುವುದಿಲ್ಲ. ಲಾಕ್‌ಡೌನ್ ಲೆಕ್ಕಕ್ಕೆ ಇಷ್ಟು ಲಾಭ ಬರೆದುಕೊಳ್ಳಿ.

ಇನ್ನು ಗಲ್ಲಾ ಮೇಲಿನ ಪುಸ್ತಕ. ಬಂದವರ ಹೆಸರು, ಫೋನ್ ನಂಬರ್, ಟೆಂಪರೇಚರ್ ಬರೆಯಬೇಕೆಂದು ಕಾಕಾ ಗೆರೆ ಎಳೆಸಿ ತಂದಿದ್ದ ದಪ್ಪ ಪುಸ್ತಕ ಅದು. ಕಾಲು ಭಾಗವೂ ತುಂಬಲಿಲ್ಲ. ಬಂದವರಿದ್ದರೆ ತಾನೇ ತುಂಬುವುದು? ಈಗ ಅದು ಸಾಲದ ಲೆಕ್ಕದ ಪುಸ್ತಕ. ನನ್ನ ಹೆಸರಿನ ಮುಂದೆ ಟೆಂಪರೇಚರ್ ಕಾಲಂನಲ್ಲಿ ಹೋದ ವಾರ 340 ಇತ್ತು.

ಈ ಪುಸ್ತಕದ ಮೊದಲ ಪುಟಗಳನ್ನು ತಿರುವಿದರೆ ಯಾಕೋ ಹೊಟ್ಟೆ ಹಿಂಡಿದ ಹಾಗೆ ಆಗುತ್ತದೆ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ 21 ದಿನ ಅಂದರು. ನಮ್ಮ ದಾರಿಗೆ ಅದು ಸಾಲಲಿಲ್ಲ. ಮಾಕುಟ್ಟದ ಗಡಿಗೆ ಮಣ್ಣೇ ಸುರಿದರು. ಜೆಸಿಬಿ ತಂದು ರಸ್ತೆ ಮಧ್ಯೆ ಗುಡ್ಡೆ. 2018ರಲ್ಲಿ ಇದೇ ಘಾಟಿಯಲ್ಲಿ ಗುಡ್ಡದ ಬರೆ ಕುಸಿದು ರಸ್ತೆ ಮುಚ್ಚಿದಾಗ ಮಣ್ಣು ತೆಗೆಯಲು ಜೆಸಿಬಿ ಬಂದಿತ್ತು. ಈ ಸಲ ಹಾಕಲು ಬಂತು. ಇತ್ತ ಮಂಗಳೂರು ಹತ್ತಿರದ ತಲಪಾಡಿಯ ಗಡಿ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಮೀನಿನ ಗಾಡಿಯನ್ನು ಯಾರು ಕೇಳುತ್ತಾರೆ.

ನಿಜ ಹೇಳಬೇಕೆಂದರೆ, ಆಗ ನನಗೆ ಆ ಮಣ್ಣಿನ ಮೇಲೆ ಅಷ್ಟು ಸಿಟ್ಟು ಬಂದಿರಲಿಲ್ಲ. ಮಾರ್ಚ್‌ನಲ್ಲಿ ಜಿಲ್ಲೆಯಲ್ಲಿ ಮೊದಲ ಕೇಸ್ ಬಂದಾಗ ಊರೇ ನಡುಗಿತ್ತು. ಔಷಧ ಇಲ್ಲ, ಲಸಿಕೆ ಇಲ್ಲ, ರೋಗ ಹೇಗೆ ಹರಡುತ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತರಕಾರಿಯನ್ನು ಉಪ್ಪು ನೀರಲ್ಲಿ ತೊಳೆಯುತ್ತಿದ್ದೆವು. ಮೇ ತಿಂಗಳ ಪಟ್ಟಿಯಲ್ಲಿ ಕೊಡಗು ಹಸಿರು ವಲಯ. ಬಾಗಿಲು ಹಾಕಿದ್ದಕ್ಕೆ ಏನೋ ಫಲ ಸಿಕ್ಕಿತು ಅನ್ನಿಸಿತು. ಗಾಡಿಯ ಕಂತು ಆರು ತಿಂಗಳು ಮುಂದೂಡಿದರು. ಬಡ್ಡಿ ಮಾತ್ರ ಮುಂದೂಡಲಿಲ್ಲ, ಅದು ತನ್ನ ಪಾಡಿಗೆ ಬೆಳೆಯಿತು.

ಕಾಕಾನ ಮಗಳನ್ನು ಗಡಿಯಾಚೆ ಕೇರಳದ ಇರಿಟ್ಟಿಗೆ ಕೊಟ್ಟಿದ್ದಾರೆ. ಇಲ್ಲಿಂದ ನನ್ನ ಗಾಡಿಯಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಆ ಏಪ್ರಿಲ್‌ನಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗಲಾಗಲಿಲ್ಲ. ಇತ್ತಾ ಎಣ್ಣೆ, ಲೇಹ್ಯ ಎಲ್ಲ ಮಾಡಿ ಡಬ್ಬಿಯಲ್ಲಿಟ್ಟು ಕಾದರು. ಮಗುವನ್ನು ಕೈಗೆ ತೆಗೆದುಕೊಂಡಾಗ ಅದು ಆಗಲೇ ಮಗುಚಿ ಬೀಳುತ್ತಿತ್ತು. "ಫೋನಲ್ಲಿ ನೋಡಿದ್ದೆ ಮೋನೇ, ಆದ್ರೆ ಫೋನಲ್ಲಿ ಮಗುವಿನ ವಾಸನೆ ಬರಲ್ಲ" ಅಂದರು ಒಂದು ದಿನ, ಪುಟ್ಟು ಕುಟ್ಟಿ ತೆಗೆಯುತ್ತಾ. ಅವರ ಎರಡು ಬಳೆ ಬ್ಯಾಂಕಿಗೆ ಹೋಗಿತ್ತು. ಒಂದು ವಾಪಸ್ ಬಂದಿದೆ.

2021ರ ಲಾಕ್‌ಡೌನ್ ಬೇರೆ ರೀತಿ. ಆ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನ 24 ಜನ ತೀರಿಕೊಂಡ ಸುದ್ದಿ ಬಂತು. ಅದೇ ವಾರ ನನ್ನ ಅಣ್ಣನಿಗೆ ಉಸಿರು ಕಟ್ಟಿತು. ಮಡಿಕೇರಿಯಲ್ಲಿ ಹಾಸಿಗೆ ಸಿಕ್ಕಿತು, ಒಂಬತ್ತು ದಿನ ಆಕ್ಸಿಜನ್, ಮನೆಗೆ ಬಂದ. ಆಗ ನನಗೆ ಅರ್ಥವಾದದ್ದು ಇಷ್ಟು: ಬೀಗ ಹಾಕಿದರೆ ರೋಗ ಓಡಿಹೋಗುವುದಿಲ್ಲ, ಎಲ್ಲರೂ ಒಂದೇ ದಿನ ಆಸ್ಪತ್ರೆ ಬಾಗಿಲಿಗೆ ಬಂದು ನಿಲ್ಲುವುದು ತಪ್ಪುತ್ತದೆ. ಅಣ್ಣನ ಹಾಸಿಗೆ ಆ ಬೀಗದಿಂದಲೇ ಉಳಿಯಿತೋ ಏನೋ, ನನಗೆ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಆ ಎರಡು ತಿಂಗಳಿಗೆ ನಾನು ಸ್ಟಾರ್ ಕಡಿಮೆ ಮಾಡಲಾರೆ. ಜೂನ್ 14ಕ್ಕೆ ಬೇರೆ ಜಿಲ್ಲೆಗಳಲ್ಲಿ ಸಡಿಲವಾದಾಗ ನಮ್ಮದು ಇನ್ನೂ ಬಂದ್ ಇದ್ದ 11 ಜಿಲ್ಲೆಗಳಲ್ಲಿತ್ತು. ಬೈದುಕೊಂಡೇ ಸಹಿಸಿದೆವು.

ನನ್ನ ತಕರಾರು ಚೀಟಿಯದ್ದು. ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂತ 2021ರ ಫೆಬ್ರವರಿಯಲ್ಲಿ ಆದೇಶ ಬಂತು. ಸರಿ ಅಂದುಕೊಂಡೆವು. ಆಮೇಲೆ ಲಸಿಕೆ ಬಂತು, ನಾನು ಎರಡು ಡೋಸ್ ಹಾಕಿಸಿಕೊಂಡೆ. ಆಗಸ್ಟ್‌ನಿಂದ, ಡೋಸ್ ಆದವರಿಗೂ ಚೀಟಿ ಕಡ್ಡಾಯ. ಅಲ್ಲ ಸ್ವಾಮಿ, ಹಾಗಾದರೆ ಸೂಜಿ ಯಾಕೆ ಚುಚ್ಚಿಸಿಕೊಂಡದ್ದು? ಅಷ್ಟು ಹೊತ್ತಿಗೆ ರೋಗ ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ, ವಿರಾಜಪೇಟೆಯ ಸಂತೆಯಲ್ಲಿ, ಎಲ್ಲ ಕಡೆ ಇತ್ತು. ರೋಗ ಆಗಲೇ ಒಳಗೆ ಬಂದ ಮನೆಯ ಬಾಗಿಲು ಕಾಯುವ ಕೆಲಸ. ಮೂಗಿಗೆ ಕಡ್ಡಿ ಹಾಕಿಸಿಕೊಂಡೂ ಹಾಕಿಸಿಕೊಂಡೂ, ಗೇಟ್ ಹತ್ತಿರ ಹೋದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಚೀಟಿ ಸ್ವಲ್ಪ ತಡವಾದರೂ ಸಾಲು ಬೆಳೆಯುತ್ತಿತ್ತು, ಮಂಜುಗಡ್ಡೆ ಕರಗುತ್ತಿತ್ತು. ಒಮ್ಮೆ ಎರಡು ಕ್ರೇಟ್ ಬಂಗುಡೆಯನ್ನು ಹಿಂತಿರುಗುವ ದಾರಿಯಲ್ಲೇ ಸಿಕ್ಕಿದವರಿಗೆ ಹಂಚಿದೆ. ಆ ನಿಯಮ ತೆಗೆದದ್ದು 2022ರ ಫೆಬ್ರವರಿಯಲ್ಲಿ. ಗೊತ್ತಿಲ್ಲದಾಗ ಬಾಗಿಲು ಹಾಕಿದ್ದನ್ನು ನಾನು ಕ್ಷಮಿಸುತ್ತೇನೆ. ಗೊತ್ತಾದ ಮೇಲೂ ಸುಮ್ನೆ ಅಭ್ಯಾಸಕ್ಕೆ ಚಿಲಕ ಹಾಕಿ ಇಟ್ಟದ್ದಕ್ಕೆ ಅರ್ಧ ಸ್ಟಾರ್ ಸಹ ಇಲ್ಲ.

ಶಾಲೆಗೂ ಅದೇ ಮಾತು. ಬಿಲ್ ಕೊಡುವ ಹುಡುಗಿ ಕಾಕಾನ ಮೊಮ್ಮಗಳು, ಮಗನ ಮಗಳು. ಒಂದನೇ ಕ್ಲಾಸನ್ನು ಇದೇ ಬೆಂಚಿನ ಮೇಲೆ ಕುಳಿತು ಅಪ್ಪನ ಫೋನಲ್ಲಿ ಮುಗಿಸಿದಳು. ನೆಟ್‌ವರ್ಕ್ ಸರಿಯಾಗಿ ಸಿಗುವುದು ಮೇಲಿನ ತಿರುವಿನಲ್ಲಿ ಮಾತ್ರ, ಅಲ್ಲಿ ಜಿಗಣೆ. 1ರಿಂದ 5ನೇ ಕ್ಲಾಸ್ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹೋಟೆಲ್, ಬಾರ್, ಬಸ್ಸು ಎಲ್ಲ ತೆರೆದು ಎಷ್ಟೋ ಕಾಲದ ಮೇಲೆ. ಈಗ ಆರನೇ ಕ್ಲಾಸ್. ಏಳರ ಮಗ್ಗಿ ಬಂದರೆ ಇನ್ನೂ ಕಾಕಾನ ಮುಖ ನೋಡುತ್ತಾಳೆ. ಮೊನ್ನೆ ನಮ್ಮ ಏಳು ಕಾಪಿಗೆ 95 ಅಂದಳು. ನಾನೇ 105 ಕೊಟ್ಟೆ. ಹಾಗಾಗಿ ಬಿಲ್ ಒಮ್ಮೆ ನೀವೂ ಕೂಡಿಸಿ ನೋಡಿ. ತಪ್ಪಿದ್ದರೆ ಮೆಲ್ಲಗೆ ಹೇಳಿ, ಅವಳಿಗೆ ಬೇಗ ಅಳು ಬರುತ್ತದೆ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮುಚ್ಚಿರುತ್ತದೆ. ಮೀನೂಟ ಎರಡು ಗಂಟೆಯೊಳಗೆ ಖಾಲಿ. ಮಳೆಗಾಲದಲ್ಲಿ ಕಡಲಿನಲ್ಲಿ ಬಲೆ ಬೀಳದ ದಿನ ಕಣಿಲೆ (ಎಳೆ ಬಿದಿರು) ಪಲ್ಯ ಮಾಡುತ್ತಾರೆ. ಗಡಿಗೆ ಮಣ್ಣು ಹಾಕಿದ್ದ ದಿನಗಳಲ್ಲಿ ಹಿತ್ತಲಿನದ್ದೇ ಮಾಡಿ ಕೈ ಕುದುರಿದ್ದು ಅದು. ಜುಲೈನಲ್ಲಿ ಬಂದರೆ ಅದನ್ನೇ ಕೇಳಿ, ಪೊರೋಟ ಕೇಳಬೇಡಿ.