ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಲ್ಯಾಬೊ: ಹದಿನಾಲ್ಕು ತಿಂಗಳ ರಟ್ಟಿನ ಸಹವಾಸ

ಕಳೆದ ವರ್ಷ ಇಲ್ಲಿ ನ್ಯೂಜೆರ್ಸಿಯಲ್ಲಿ, ನಮ್ಮ ಬೀದಿಯವರೊಬ್ಬರ ಗರಾಜ್ ಸೇಲಿನಲ್ಲಿ 15 ಡಾಲರಿಗೆ ಲ್ಯಾಬೊ ಕಿಟ್ ಒಂದನ್ನು ತಂದೆ. ನಿಂಟೆಂಡೊದ ವಿಡಿಯೊ ಗೇಮ್ ಯಂತ್ರ ಸ್ವಿಚ್ ಜೊತೆ ಆಡಲು ರಟ್ಟು ಮಡಚಿ ಆಟಿಕೆ ಕಟ್ಟಿಕೊಳ್ಳುವ ಕಿಟ್ ಇದು. 2018ರ ಏಪ್ರಿಲ್‌ನಲ್ಲಿ ಹೊಸದಾಗಿ ಬಂದಾಗ ಪಿಯಾನೊ, ಗಾಳ, ಮನೆ, ಕಾರು, ಬೈಕು ಎಲ್ಲ ಇರುವ ಇದೇ ವೆರೈಟಿ ಕಿಟ್‌ಗೆ ಹೆಚ್ಚುಕಡಿಮೆ 70 ಡಾಲರ್ ಇತ್ತು. ಮೈಸೂರಿನಿಂದ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ರಟ್ಟಿಗೂ ದುಡ್ಡು ಕೊಟ್ಯೇನೋ?" ಅಂದರು.

ಕೊಳ್ಳುವ ಮುಂಚೆ ನಾನು ನೋಡಿದ್ದು ಒಂದೇ, ಡಬ್ಬಿಯಲ್ಲಿ ಸ್ವಿಚ್‌ಗೆ ಹಾಕುವ ಗೇಮ್ ಕಾರ್ಡ್ ಇದೆಯಾ ಅಂತ. ಯಾವ ತುಂಡನ್ನು ಎಲ್ಲಿ ಮಡಚಬೇಕು ಅನ್ನೋದೂ ಅದರಲ್ಲೇ ಇರುತ್ತದೆ. ಕಾರ್ಡ್ ಇಲ್ಲದಿದ್ದರೆ ಇಡೀ ಡಬ್ಬಿ ರದ್ದಿಗೆ ಸಮ. ಇನ್ನೊಂದು ಮಾತು: ಇದು ಹಳೆಯ ಮಾಮೂಲಿ ಸ್ವಿಚ್‌ನ ಅಳತೆಗೆ ಮಾಡಿದ್ದು. ಅದರ ಚಿಕ್ಕ ಮಾದರಿ ಸ್ವಿಚ್ ಲೈಟ್ ಇರುವವರು ಇದರ ಆಸೆ ಬಿಡಿ.

ನನಗೆ ಸಿಕ್ಕಿದ್ದರಲ್ಲಿ ಪಿಯಾನೊ ಆಗಲೇ ಕಟ್ಟಿತ್ತು. ಮೂರು ಗಂಟೆ ಕೂತು ಕಟ್ಟುವ ಮಜಾ ಬೇರೆ ಯಾರಿಗೋ ಹೋಗಿತ್ತು ಅಂತ ಬೇಜಾರಾಯಿತು. ಮಗಳು ಆನ್‌ಲೈನ್‌ನಲ್ಲಿ ಸಂಗೀತ ಕಲಿಯುತ್ತಾಳೆ. 13 ಕೀ ಇದೆಯಲ್ಲ, ಮಾಯಾಮಾಳವಗೌಳದ ಸರಳೆ ವರಸೆಗೆ ಸಾಕು ಅಂತ ಕೂತಳು. ಸ ರಿ ಗ ಮ ಬಂತು. 'ಪ' ಒತ್ತಿದರೆ ಸದ್ದೇ ಇಲ್ಲ.

ಹಿಂದಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ವೈರೂ ಇಲ್ಲ, ಮಣ್ಣೂ ಇಲ್ಲ. ಪ್ರತಿ ಕೀಯ ಹಿಂತುದಿಗೆ ಹೊಳೆಯುವ ಸ್ಟಿಕ್ಕರಿನ ಪಟ್ಟಿ ಅಷ್ಟೇ. ಮುಂದೆ ಒತ್ತಿದರೆ ಹಿಂದಿನ ಪಟ್ಟಿ ಮೇಲೇಳುತ್ತದೆ. ಸ್ವಿಚ್‌ನಿಂದ ಬಿಡಿಸಿ ಪಿಯಾನೊದಲ್ಲಿ ಕೂರಿಸುವ ಬಲಗಡೆಯ ಕಂಟ್ರೋಲರ್, ಅಂದರೆ ಜಾಯ್-ಕಾನ್‌ನ ಇನ್‌ಫ್ರಾರೆಡ್ ಕ್ಯಾಮೆರಾ ಅದನ್ನು ನೋಡಿ ಸ್ವರ ನುಡಿಸುತ್ತದೆ. 'ಪ'ದ ಸ್ಟಿಕ್ಕರ್ ಉದುರಿಹೋಗಿತ್ತು. ಸೈಕಲ್ಲಿಗೆ ಅಂಟಿಸುವ ರಿಫ್ಲೆಕ್ಟರ್ ಟೇಪನ್ನು ಬೆರಳಗಲ ಕತ್ತರಿಸಿ ಅಂಟಿಸಿದೆ. ಮೊದಲ ಸಲ ಸೊಟ್ಟಗೆ ಕೂತು 'ಮ' ಒತ್ತಿದರೂ 'ಪ'ವೇ ಹಾಡಿತು. ಎರಡನೇ ಸಲ ಸರಿಹೋಯಿತು. ಗುಂಡಿ ತಿರುಗಿಸಿದರೆ ಸ್ವರದ ಬದಲು ಬೆಕ್ಕು ಮಿಯಾಂವ್ ಅನ್ನುತ್ತದೆ. ಜಂಟಿ ವರಸೆಯನ್ನು ಬೆಕ್ಕಿನ ಬಾಯಲ್ಲಿ ಕೇಳಿದವರು ನಾವೇ ಮೊದಲಿಗರೋ ಏನೋ!

ಗಾಳದ್ದು ಬೇರೆ ಕಥೆ. ಅದರ ರಬ್ಬರ್ ಬ್ಯಾಂಡ್‌ಗಳು ಒಣಗಿ, ಮುಟ್ಟಿದರೆ ಚೂರಾಗುತ್ತಿದ್ದವು. ಈರುಳ್ಳಿ ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡ್ ಹಾಕಿದೆ, ನಡೀತಿದೆ. ಮನೆ, ಕಾರು ಒಂದು ವಾರಕ್ಕೇ ಬೋರಾದವು.

ತೊಂದರೆ ಜಾಸ್ತಿ ಆಗಿದ್ದು ಜಾಗದ್ದು. ಪಿಯಾನೊ ಮಡಚಲು ಬರಲ್ಲ, ಬೀರುವಿನ ಮೇಲೆ ಕೂತಿದೆ. ಒಮ್ಮೆ ಮಳೆ ಹಿಡಿದಾಗ ತೇವಕ್ಕೆ ಎರಡು ಕೀ ಮೆತ್ತಗಾದವು. ಈಗ ಕಸದ ಚೀಲ ಮುಚ್ಚಿ ಇಡುತ್ತೇನೆ. ಹಳೆ ಕಿಟ್ ತರುವವರು ಮೂಲೆಗಳನ್ನು ಒಮ್ಮೆ ಒತ್ತಿ ನೋಡಿ. ಮಡಿಕೆ ಸಡಿಲವಾದ ರಟ್ಟು ಮತ್ತೆ ನೆಟ್ಟಗೆ ನಿಲ್ಲಲ್ಲ.

ಬೈಕಿನ ಹಾಳೆಗಳನ್ನು ಯಾರೂ ಮುಟ್ಟಿರಲಿಲ್ಲ, ಒಂದು ತುಂಡೂ ಬಿಡಿಸಿರಲಿಲ್ಲ. ನಾನೂ ಬಿಡಿಸಿಲ್ಲ. ಅಕ್ಕನ ಮಗ ರಜೆಗೆ ಬರ್ತಿದ್ದಾನೆ, ಅವನಿಗೆ ಅಂತ ಮಂಚದ ಕೆಳಗೆ ಇಟ್ಟಿದ್ದೇನೆ.