ಎಂಟನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ?

ಏಳನೇ ಕ್ಲಾಸ್ ಮುಗಿಸಿದ ಮಗುವಿಗೆ ಬೆಂಗಳೂರಿನಲ್ಲಿ ಸರ್ಕಾರಿ ಶಾಲೆ ಹುಡುಕುತ್ತಿದ್ದೀರಾ? ಮೂರು ಬಗೆಯನ್ನು ಹೋಲಿಸಿ ನೋಡಿ.

ಕೇಂದ್ರೀಯ ವಿದ್ಯಾಲಯ ಸಿಬಿಎಸ್‌ಇ ಶಾಲೆ. ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ. ಎಂಟಕ್ಕೆ ಸೀಟು ಖಾಲಿ ಇದ್ದರಷ್ಟೇ ಸಿಗುತ್ತದೆ, ಒಂಬತ್ತಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಊರೂರಿಗೆ ವರ್ಗವಾಗುವ ಮನೆಯವರಿಗೆ ಇದೇ ಸರಿ.

ಮಾಮೂಲಿ ಸರ್ಕಾರಿ ಪ್ರೌಢಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲ ಉಚಿತ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಅದು ದೊಡ್ಡ ಬಲ ಅಲ್ವಾ? ಹತ್ತು ಮುಗಿದ ಮೇಲೆ ಮಾತ್ರ ಪಿಯು ಸೀಟಿಗೆ ಬೇರೆ ಕಡೆ ಓಡಾಡಬೇಕಾಗಬಹುದು.

ಆ ಓಡಾಟ ತಪ್ಪಿಸುವುದು ಕರ್ನಾಟಕ ಪಬ್ಲಿಕ್ ಸ್ಕೂಲ್. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಇಂಗ್ಲಿಷ್ ಮಾಧ್ಯಮವೂ ಇರುತ್ತದೆ. ಬೆಂಗಳೂರಿನಲ್ಲೇ ನೆಲೆಸಿರುವವರಿಗೆ ನನ್ನ ಮೊದಲ ಸಲಹೆ ಇದು. ಆದರೆ ಎರಡು ಬಸ್ ಬದಲಿಸಿ ಹೋಗುವಷ್ಟು ದೂರವಿದ್ದರೆ ಬೇಡ. ಸಂಜೆ ಸುಸ್ತಾಗಿ ಬಂದ ಮಗು ಓದುವುದು ಯಾವಾಗ?

ಹೆಸರಿಗಿಂತ ಮೇಷ್ಟ್ರು ಮುಖ್ಯ. ಖುದ್ದಾಗಿ ಹೋಗಿ ಕೇಳಿ. ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರಾ? ಅತಿಥಿ ಶಿಕ್ಷಕರಾದರೆ ಜೂನ್‌ನಲ್ಲೇ ಬರುತ್ತಾರಾ? ಒಂದು ಸೆಕ್ಷನ್ನಿಗೆ ಎಷ್ಟು ಮಕ್ಕಳು? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ? ಈ ಉತ್ತರಗಳು ಚೆನ್ನಾಗಿದ್ದರೆ ಮನೆ ಹತ್ತಿರದ ಮಾಮೂಲಿ ಪ್ರೌಢಶಾಲೆಗೇ ಧೈರ್ಯವಾಗಿ ಸೇರಿಸಿ. ಟಿಸಿ ತರುವಾಗ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಹೊಸ ಶಾಲೆಯಲ್ಲಿ ಕೇಳುತ್ತಾರೆ.